ಅಪಾರ್ಟ್‌ಮೆಂಟಿನಲ್ಲಿ ಆಕಾಶವಾಣಿ: ಡಿಜಿಟಲ್ ರೇಡಿಯೊ ಕೊಂಡರೆ ಸದ್ದು ಸ್ವಚ್ಛವಾದೀತೇ?

ಮಲ್ಲೇಶ್ವರದ ಕೇಳುಗ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 78 ವರ್ಷ. ಬೆಳಗಿನ ಕಾಫಿಯ ಜೊತೆ ಆಕಾಶವಾಣಿ ಇಲ್ಲದಿದ್ದರೆ ಅವರಿಗೆ ದಿನ ಆರಂಭವಾದಂತೆಯೇ ಅನಿಸುವುದಿಲ್ಲ. ಹಳೆಯ ಮನೆಯಲ್ಲಿ ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರ ಯಾವ ತೊಂದರೆಯೂ ಇಲ್ಲದೆ ಕೇಳುತ್ತಿತ್ತು. ಆರನೇ ಮಹಡಿಯ ಫ್ಲಾಟಿಗೆ ಬಂದ ಮೇಲೆ ಅದರ ಮೇಲೆಲ್ಲ ‘ಜುಂಯ್’ ಎಂಬ ಸದ್ದು ಕವಿದುಕೊಂಡಿದೆ. ಅದಕ್ಕಾಗಿ ಮೊಬೈಲಿನಲ್ಲಿ ಅಂತರ್ಜಾಲದ ಒಂದು ಸಂಗೀತ ವಾಹಿನಿಯನ್ನು ಹಾಕಿ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿಕೊಟ್ಟೆ. ಗೊರಗೊರ ಸದ್ದೇನೋ ಹೋಯಿತು. ಆದರೆ ತಂಬೂರಿ ನೀರಿನೊಳಗಿನಿಂದ ಬಂದಂತೆ ಕೇಳುತ್ತದೆ ಎಂಬುದು ಅವರ ದೂರು. ಇದರ ನಡುವೆ ಸೋದರಳಿಯ ಲಂಡನ್ನಿನಿಂದ ಒಂದು ಡ್ಯಾಬ್ (ಅಲ್ಲಿ ಬಳಕೆಯಲ್ಲಿರುವ ಡಿಜಿಟಲ್ ಪ್ರಸಾರ ಪದ್ಧತಿ) ರೇಡಿಯೊ ತಂದುಕೊಟ್ಟಿದ್ದಾನೆ. ಎಷ್ಟು ಬಾರಿ ಹುಡುಕಿಸಿದರೂ ಅದು ಡಿಜಿಟಲ್‌ನಲ್ಲಿ ಒಂದು ನಿಲಯವನ್ನೂ ತೋರಿಸುತ್ತಿಲ್ಲ. ಅದು ಕೆಟ್ಟಿದೆಯೇ? ಇಲ್ಲಿಗೆ ಹೊಂದುವ ಡಿಜಿಟಲ್ ರೇಡಿಯೊ ಬೇರೆ ಕೊಳ್ಳಬೇಕೇ?

ತರಂಗಾಂತರ:

ರೇಡಿಯೊ ಕೆಟ್ಟಿಲ್ಲ. ಡ್ಯಾಬ್ ಪ್ರಸಾರ ನಡೆಯುವುದು 174ರಿಂದ 240 ಮೆಗಾಹರ್ಟ್ಸ್ ನಡುವೆ. ಬ್ರಿಟನ್ನಿನಲ್ಲಿ ಅದು 1995ರಿಂದ ಇದೆ, ನಾರ್ವೆಯಂತೂ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳನ್ನು ಎಫ್‌ಎಂನಿಂದ ಪೂರ್ತಿಯಾಗಿ ಡ್ಯಾಬ್‌ಗೆ ಸಾಗಿಸಿತು. ಆದರೆ ನಮ್ಮ ಆಕಾಶವಾಣಿ ಮಧ್ಯಮ ತರಂಗ ಮತ್ತು ಕಿರು ತರಂಗಗಳಿಗೆ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಬೇರೆಯೇ ಡಿಜಿಟಲ್ ಪದ್ಧತಿಯನ್ನು. ಒಂದಕ್ಕಾಗಿ ಮಾಡಿದ ಸೆಟ್ಟು ಇನ್ನೊಂದನ್ನು ಹಿಡಿಯಲಾರದು.

ಹಾಗೆಂದು ನಾಳೆಯೇ ಡಿಆರ್‌ಎಂ ಸೆಟ್ಟು ಕೊಳ್ಳಲು ಹೊರಡಬೇಡಿ. ಡಿಆರ್‌ಎಂ ಬರುವುದೂ ಅದೇ ಮಧ್ಯಮ ತರಂಗದಲ್ಲಿ; ಆದ್ದರಿಂದ ಈಗ ನಿಮ್ಮ ಹಳೆಯ ರೇಡಿಯೊವನ್ನು ಕಾಡುತ್ತಿರುವ ಗದ್ದಲ ಹೊಸದನ್ನೂ ಬಿಡುವುದಿಲ್ಲ. ವ್ಯತ್ಯಾಸವೇನೆಂದರೆ, ಹಳೆಯ ಸೆಟ್ಟಿನಲ್ಲಿ ಗದ್ದಲದ ನಡುವೆಯೂ ವಾರ್ತೆಯನ್ನು ಅರ್ಥಮಾಡಿಕೊಳ್ಳಬಹುದು. ಡಿಜಿಟಲ್ ಸೆಟ್ಟಿನಲ್ಲಿ ಒಂದು ಮಿತಿಯವರೆಗೆ ಎಲ್ಲವೂ ಸ್ವಚ್ಛವಾಗಿದ್ದು, ಆ ಮಿತಿ ದಾಟಿದೊಡನೆ ಧ್ವನಿ ತುಂಡುತುಂಡಾಗಿ, ಕೊನೆಗೆ ಪೂರ್ತಿ ನಿಂತೇ ಹೋಗುತ್ತದೆ.

ಮೊದಲು ಗದ್ದಲದ ಮೂಲವನ್ನು ಪತ್ತೆ ಮಾಡಿ. ಹಳೆಯ ರೇಡಿಯೊಗೆ ಸೆಲ್ ಹಾಕಿ 612ರಲ್ಲಿ ನಿಲ್ಲಿಸಿ, ಮನೆಯ ಮೇನ್ ಸ್ವಿಚ್ ಆರಿಸಿ (ಇನ್‌ವರ್ಟರ್ ಇದ್ದರೆ ಅದನ್ನೂ ಮರೆಯದೆ ಆರಿಸಿ), ಆಮೇಲೆ ಒಂದೊಂದೇ ಉಪಕರಣವನ್ನು ಹಾಕುತ್ತ ಕಿವಿಗೊಡಿ. ಅಗ್ಗದ ಎಲ್‌ಇಡಿ ದೀಪ, ಚಾರ್ಜರ್, ವೈಫೈ ಪೆಟ್ಟಿಗೆಯ ಅಡಾಪ್ಟರ್, ಇವುಗಳಲ್ಲಿ ಯಾವುದೋ ಒಂದು ಸಿಕ್ಕಿಬೀಳುವ ಸಂಭವ ಹೆಚ್ಚು. ಆಮೇಲೆ ಸೆಟ್ಟನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಿ ನೋಡಿ. ಮಧ್ಯಮ ತರಂಗದ ಆಂಟೆನಾ ಎಂದರೆ ಒಳಗಿರುವ ಫೆರೈಟ್ ಕಡ್ಡಿ, ಆದ್ದರಿಂದ ಸೆಟ್ಟು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮೇನ್ ಆರಿಸಿದ ಮೇಲೂ ಸದ್ದು ಹೋಗದಿದ್ದರೆ ಅದು ಲಿಫ್ಟಿನದೋ ಪಕ್ಕದ ಮನೆಯದೋ ಇರಬೇಕು. ಅದಕ್ಕೆ ನನ್ನಲ್ಲಿ ಔಷಧವಿಲ್ಲ.

ಡಿಆರ್‌ಎಂ ಹೇಗೆ ಕೇಳುತ್ತದೆ ಎಂಬ ಕುತೂಹಲವಿದ್ದರೆ ಹಣ ಸುರಿಯುವ ಮೊದಲು ನೆಂಟರಿಷ್ಟರ ಹೊಸ ಕಾರುಗಳನ್ನು ವಿಚಾರಿಸಿ. ಇಲ್ಲಿ ಮಾರುವ ಹಲವು ಕಾರುಗಳ ರೇಡಿಯೊದಲ್ಲಿ ಅದು ಅಡಕವಾಗಿಯೇ ಬರುತ್ತದೆ.

ಮಂದ್ರ ಷಡ್ಜ:

ಮೇಲಿನ ಸಲಹೆಗೆ ನನ್ನ ಸಹಮತವಿದೆ. ನಿಮ್ಮ ತಂದೆಯವರ ಕಿವಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ: ಅವರ ದೂರು ನೂರಕ್ಕೆ ನೂರು ಸರಿ.

ಕಡಿಮೆ ಬಿಟ್‌ರೇಟಿನ (ಅಂದರೆ ಸೆಕೆಂಡಿಗೆ ಕಳಿಸುವ ಮಾಹಿತಿ ಕಡಿಮೆ ಇರುವ) ಪ್ರಸಾರದಲ್ಲಿ ಧ್ವನಿಯ ಕೆಳಭಾಗವನ್ನಷ್ಟೇ ಹೆಚ್ಚುಕಡಿಮೆ ನಿಜವಾಗಿ ಕಳಿಸುತ್ತಾರೆ. ಮೇಲಿನ ಭಾಗವನ್ನು ಕೆಲವು ಸೂಚನೆಗಳ ಆಧಾರದ ಮೇಲೆ ಕೇಳುವ ಕಡೆಯ ಯಂತ್ರ ಹೊಸದಾಗಿ ಕಟ್ಟಿಕೊಳ್ಳುತ್ತದೆ. ವಾರ್ತೆಗೂ ನಾಟಕಕ್ಕೂ ಇದು ಧಾರಾಳವಾಗಿ ಸಾಕು. ಆದರೆ ತಂಬೂರಿಯ ಜೀವವೇ ಅದರ ಮೇಲಿನ ಸ್ವರಾಂಶಗಳಲ್ಲಿದೆ. ಅವು ಕ್ಷಣಕ್ಷಣಕ್ಕೂ ಅರಳಿ ಅಡಗುತ್ತಿರುತ್ತವೆ, ಊಹೆಯಿಂದ ಕಟ್ಟಿದರೆ ಕಲಕಿದಂತೆ ಕೇಳುತ್ತವೆ. ಮೃದಂಗದ ಚಾಪು ಕೂಡ ಮೊಂಡಾಗುತ್ತದೆ. ಇದು ಸಾಲದೆಂಬಂತೆ ಬ್ಲೂಟೂತ್ ಆ ಧ್ವನಿಯನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತದೆ. ಮೊಬೈಲಿನಿಂದ ಸ್ಪೀಕರಿಗೆ ತಂತಿ ಹಾಕಿ ನೋಡಿ, ವಾಹಿನಿಯ ಆಯ್ಕೆಯಲ್ಲಿ ಹೆಚ್ಚಿನ ಬಿಟ್‌ರೇಟ್ ಇದ್ದರೆ ಅದನ್ನೇ ಒತ್ತಿ. ಸೆಕೆಂಡಿಗೆ 64 ಕಿಲೋಬಿಟ್ ಇದ್ದರೆ ಗಂಟೆಗೆ ಸುಮಾರು 29 ಎಂಬಿ ಡೇಟಾ ಖರ್ಚಾಗುತ್ತದೆ, 128 ಇದ್ದರೆ 58. ಮನೆಯ ವೈಫೈನಲ್ಲಿ ಇದೊಂದು ಲೆಕ್ಕವೇ ಅಲ್ಲ. ಹೋಲಿಕೆಗಾಗಿ ಹೇಳುವುದಾದರೆ, ಮಧ್ಯಮ ತರಂಗದ ಡಿಆರ್‌ಎಂಗೆ ಸಿಗುವುದು ಸೆಕೆಂಡಿಗೆ ಸುಮಾರು 20 ಕಿಲೋಬಿಟ್ ಮಾತ್ರ. ಅದು ಹಳೆಯ ಮಧ್ಯಮ ತರಂಗಕ್ಕಿಂತ ಎಷ್ಟೋ ಮೇಲು, ಆದರೆ ಎಫ್‌ಎಂಗೆ ಸರಿಸಮ ಎಂಬ ಮಾತನ್ನು ಸಂಗೀತ ಕಚೇರಿ ಕೇಳುವವರು ಅರ್ಧದಷ್ಟೇ ನಂಬುವುದು ಒಳ್ಳೆಯದು.

ಶಾಸ್ತ್ರೀಯ ಸಂಗೀತಕ್ಕೆಂದೇ ಆಕಾಶವಾಣಿಯ ‘ರಾಗಂ’ ವಾಹಿನಿಯಿದೆ. 2016ರ ಜನವರಿ 26ರಂದು ಬೆಂಗಳೂರಿನಿಂದಲೇ ಆರಂಭವಾದದ್ದು. ಒಂದು ಎಚ್ಚರಿಕೆ: ಅಂತರ್ಜಾಲದ ಪ್ರಸಾರ ತಡವಾಗಿ ತಲಪುವುದರಿಂದ ಅದರ ವೇಳೆಯ ಸಂಕೇತ ಕೇಳಿ ಗಡಿಯಾರ ತಿದ್ದಿಕೊಳ್ಳಬಾರದು. ಉಪಗ್ರಹದಿಂದ ನೇರವಾಗಿ ಬರುತ್ತಿದ್ದ ವರ್ಲ್ಡ್‌ಸ್ಪೇಸ್ 2009ರ ಕೊನೆಗೆ ಇಲ್ಲಿ ನಿಂತುಹೋದದ್ದು ನನಗಿನ್ನೂ ಬೇಸರದ ಸಂಗತಿ. ಅದರಲ್ಲಿ ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಕನ್ನಡಕ್ಕೆ ‘ಸ್ಪರ್ಶ’ ಎಂಬ ವಾಹಿನಿಗಳಿದ್ದವು.

ಆಗ್ನೇಯ ಮೂಲೆ:

ದೂರದರ್ಶನದ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್ ಅನ್ನು ಯಾರೂ ಹೇಳಲಿಲ್ಲ. ಮಾಸಿಕ ಶುಲ್ಕವಿಲ್ಲದೆ ಅದರಲ್ಲಿ ಆಕಾಶವಾಣಿಯ ಹಲವು ವಾಹಿನಿಗಳು ಡಿಜಿಟಲ್ ರೂಪದಲ್ಲೇ ಬರುತ್ತವೆ, ಮನೆಯೊಳಗಿನ ಗದ್ದಲ ಅವನ್ನು ಮುಟ್ಟುವುದಿಲ್ಲ. ಸೆಟ್‌ಟಾಪ್ ಬಾಕ್ಸಿನ ಕೆಂಪು ಮತ್ತು ಬಿಳಿ ತಂತಿಗಳನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ, ವಾಹಿನಿ ಆರಿಸಿಕೊಂಡ ಮೇಲೆ ಟಿವಿ ಆರಿಸಿಡಬಹುದು. ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿ. ನಿಮ್ಮ ಬಾಲ್ಕನಿಗೆ ಆ ದಿಕ್ಕಿನ ಆಕಾಶ ಕಾಣುತ್ತದೆಯೇ?

ಮಲ್ಲೇಶ್ವರದ ಕೇಳುಗ:

ಎಲ್ಲರಿಗೂ ಧನ್ಯವಾದ. ಬಾಲ್ಕನಿ ಉತ್ತರಕ್ಕಿದೆ, ಆದ್ದರಿಂದ ಡಿಶ್ ಹಾಕಬೇಕಾದರೆ ತಾರಸಿಗೇ ಹೋಗಬೇಕು; ಅದಕ್ಕೆ ನಿವಾಸಿಗಳ ಸಂಘದ ಒಪ್ಪಿಗೆ ಕೇಳಿದ್ದೇನೆ. ಭಾನುವಾರ ಮೇನ್ ಸ್ವಿಚ್ ಆರಿಸಿ ಪರೀಕ್ಷಿಸಿದಾಗ ‘ಜುಂಯ್’ ಸದ್ದಿನ ಮುಕ್ಕಾಲು ಪಾಲು ದೇವರ ಮನೆಯ ಎಲ್‌ಇಡಿ ದೀಪಮಾಲೆಯಿಂದ ಬರುತ್ತಿದೆಯೆಂದು ಗೊತ್ತಾಯಿತು. ಅದನ್ನು ಕಿತ್ತು, ರೇಡಿಯೊವನ್ನು ಅಡುಗೆಮನೆಯ ಕಿಟಕಿಗೆ ಸರಿಸಿದ ಮೇಲೆ ಬೆಳಗಿನ ವಾರ್ತೆ ಚೆನ್ನಾಗಿಯೇ ಕೇಳುತ್ತಿದೆ. ಸಂಜೆಯ ಸಂಗೀತಕ್ಕೆ ಮೊಬೈಲಿನಿಂದ ತಂತಿ ಎಳೆದಿದ್ದೇನೆ. ತಂದೆಯವರು ತಂಬೂರಿ ‘ನೀರಿನಿಂದ ಮೇಲೆದ್ದಿದೆ, ಮೈ ಒರೆಸಿಕೊಳ್ಳುವುದು ಬಾಕಿ’ ಎಂದರು. ಲಂಡನ್ನಿನ ಸೆಟ್ಟಿನಲ್ಲಿ ಎಫ್‌ಎಂ ಕೂಡ ಇದೆಯೆಂದು ನಿನ್ನೆ ಗಮನಿಸಿದೆ, ಅದೀಗ 102.9ರ ವಿವಿಧಭಾರತಿಗೆ ಮೀಸಲಾಗಿದೆ.