4–20 ಮಿಲಿಆಂಪ್ ಸರಿಯಿದೆ, ಹಾರ್ಟ್ ಕಮ್ಯುನಿಕೇಟರ್‌ಗೆ ಮಾತ್ರ ಟ್ರಾನ್ಸ್‌ಮಿಟರ್ ಸಿಗುತ್ತಿಲ್ಲ

ಬಾಯ್ಲರ್‌ಸೈಡ್:
ಬಾಯ್ಲರ್ ಡ್ರಮ್ ಲೆವೆಲ್‌ನ ಡಿಪಿ (ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆಯುವ) ಟ್ರಾನ್ಸ್‌ಮಿಟರ್, ಎರಡು ವೈರ್, 24 ವೋಲ್ಟ್, ಪವರ್ ಬರುವುದು ಡಿಸಿಎಸ್‌ನ (ಪ್ಲಾಂಟ್ ಕಂಟ್ರೋಲ್ ಸಿಸ್ಟಂ) ಇನ್‌ಪುಟ್ ಕಾರ್ಡ್‌ನಿಂದಲೇ. ಡಿಸಿಎಸ್‌ನಲ್ಲಿ 12.4 ಮಿಲಿಆಂಪ್ ಬರುತ್ತಿದೆ, ಲೆವೆಲ್ ಜೊತೆಗೆ ಏರಿಳಿಯುತ್ತಲೂ ಇದೆ. ಆದರೆ ಟ್ರಾನ್ಸ್‌ಮಿಟರ್ ಟರ್ಮಿನಲ್‌ಗೆ ಹ್ಯಾಂಡ್‌ಹೆಲ್ಡ್ (ಅದೇ 4–20 ವೈರ್ ಮೇಲೆ HART ಡಿಜಿಟಲ್ ಸಿಗ್ನಲ್‌ನಲ್ಲಿ ಮಾತಾಡುವ ಕಮ್ಯುನಿಕೇಟರ್) ಹಚ್ಚಿದರೆ ಡಿವೈಸ್ ಸಿಗಲಿಲ್ಲ ಅನ್ನುತ್ತದೆ. ಬೇರೆ ಹ್ಯಾಂಡ್‌ಹೆಲ್ಡ್ ತಂದರೂ ಅದೇ ಕಥೆ. ಕೇಬಲ್ 1.5 ಚದರ ಮಿ.ಮೀ., 600 ಮೀಟರ್. ಇತ್ತೀಚೆಗೆ ಕಾರ್ಡ್ ಬದಲಾಗಿದೆ, ಹೊಸದರ ಇನ್‌ಪುಟ್ ರೆಸಿಸ್ಟೆನ್ಸ್ 100 ಓಮ್. ಝೀರೋ ಟ್ರಿಮ್ (ಸೊನ್ನೆ ಡಿಪಿಯ ರೀಡಿಂಗ್ ಸರಿಪಡಿಸುವುದು) ಮಾಡಬೇಕಿದೆ. ಬಾಯ್ಲರ್ ಓಡುತ್ತಿದೆ, ಲೂಪ್ ಬಿಚ್ಚುವಂತಿಲ್ಲ. ಟ್ರಾನ್ಸ್‌ಮಿಟರ್ ಕೆಟ್ಟಿದೆಯೇ?

ಲೂಪ್‌ಚೆಕ್:
ಕೆಟ್ಟಿಲ್ಲ ಸರ್, ಲೂಪ್‌ನಲ್ಲಿ ರೆಸಿಸ್ಟೆನ್ಸ್ ಸಾಲದು. ಟ್ರಾನ್ಸ್‌ಮಿಟರ್ ಮಾತಾಡುವುದು ಕರೆಂಟನ್ನು ±0.5 ಮಿಲಿಆಂಪ್‌ನಷ್ಟು ಅಲುಗಾಡಿಸಿ: 1200 ಹರ್ಟ್ಸ್ ಅಂದರೆ 1, 2200 ಹರ್ಟ್ಸ್ ಅಂದರೆ 0. ಅದರ ಸರಾಸರಿ ಸೊನ್ನೆ, ಹಾಗಾಗಿ 4–20 ರೀಡಿಂಗ್ ಕದಲುವುದಿಲ್ಲ. ಹ್ಯಾಂಡ್‌ಹೆಲ್ಡ್ ಕೇಳಿಸಿಕೊಳ್ಳುವುದು ವೋಲ್ಟೇಜ್ ಮೂಲಕ. 250 ಓಮ್ ಇದ್ದರೆ ಆ ಅಲುಗಾಟ 250 ಮಿಲಿವೋಲ್ಟ್ ಪೀಕ್-ಟು-ಪೀಕ್ ಆಗುತ್ತದೆ. ಪವರ್ ಸಪ್ಲೈ ಎಸಿ ಸಿಗ್ನಲ್‌ಗೆ ಹೆಚ್ಚುಕಡಿಮೆ ಶಾರ್ಟ್ ಇದ್ದಂತೆ, ಅದರಿಂದ ಏನೂ ಸಿಗದು.

1.5 ಚದರ ಮಿ.ಮೀ. ತಾಮ್ರಕ್ಕೆ ಕಿಲೋಮೀಟರ್‌ಗೆ ಸುಮಾರು 12.1 ಓಮ್. ಹೋಗಿ ಬರುವ 1200 ಮೀಟರ್‌ಗೆ 14.5. ಕಾರ್ಡಿನ 100 ಸೇರಿದರೆ 115. ಬೇಕಾದದ್ದು ಕನಿಷ್ಠ 230.

ಮಾರ್ಷಲಿಂಗ್ ಪ್ಯಾನೆಲ್‌ನಲ್ಲಿ (ಫೀಲ್ಡ್ ಕೇಬಲ್‌ಗಳು ಬಂದು ಸೇರುವಲ್ಲಿ) ನೈಫ್ ಟರ್ಮಿನಲ್ (ಬ್ಲೇಡ್ ತೆಗೆದು ಲೂಪ್ ತೆರೆಯಬಹುದಾದದ್ದು) ಇದ್ದರೆ ಲೂಪ್ ಕಡಿಯದೆಯೇ ಕೆಲಸ ಆಗುತ್ತದೆ. 250 ಓಮ್, ಅರ್ಧ ವ್ಯಾಟ್ ರೆಸಿಸ್ಟರನ್ನು ನೈಫಿನ ಎರಡೂ ಬದಿಯ ಟೆಸ್ಟ್ ಪಾಯಿಂಟ್‌ಗೆ ಮೊದಲು ಭದ್ರವಾಗಿ ಹಚ್ಚಿ, ಆಮೇಲೆ ನೈಫ್ ತೆಗೆಯಿರಿ. ಮುಗಿದ ಮೇಲೆ ಮೊದಲು ನೈಫ್ ಹಾಕಿ, ಆಮೇಲೆ ರೆಸಿಸ್ಟರ್ ಬಿಚ್ಚಿ. ಈ ಕ್ರಮ ತಪ್ಪಿದರೆ ಕರೆಂಟ್ 0, ಡ್ರಮ್ ಲೋ-ಲೋ (ನೀರು ತೀರಾ ಕಡಿಮೆ) ಟ್ರಿಪ್. ಕ್ಲಿಪ್ ಜಾರಿದರೂ ಅದೇ ಆಗುವುದರಿಂದ ಪರ್ಮಿಟ್, ಇಂಟರ್‌ಲಾಕ್ ಬೈಪಾಸ್, ಫೀಡ್‌ವಾಟರ್ ಕಂಟ್ರೋಲ್ ಮ್ಯಾನುಯಲ್, ಗೇಜ್ ಗ್ಲಾಸ್ ಮುಂದೆ ಒಬ್ಬರು: ಇವು ಇಲ್ಲದೆ ಮುಟ್ಟಲೇಬೇಡಿ.

ಪ್ಯಾನೆಲ್‌ರೂಮ್:
ವೋಲ್ಟೇಜನ್ನೂ ಲೆಕ್ಕ ಹಾಕಿಕೊಳ್ಳಿ. ಒಟ್ಟು 365 ಓಮ್, 22 ಮಿಲಿಆಂಪ್‌ಗೆ 8 ವೋಲ್ಟ್ ಇಳಿದು ಟ್ರಾನ್ಸ್‌ಮಿಟರ್‌ಗೆ 16 ಉಳಿಯುತ್ತದೆ. ಸಾಮಾನ್ಯವಾಗಿ ಬೇಕಾದದ್ದು 10.5ರಿಂದ 12, ಹಾಗಾಗಿ ತೊಂದರೆಯಿಲ್ಲ. ನಡುವೆ 300 ಓಮ್‌ನ ಝೀನರ್ ಬ್ಯಾರಿಯರ್ (ಸ್ಫೋಟದ ಅಪಾಯವಿರುವ ಜಾಗಕ್ಕೆ ಹೋಗುವ ವಿದ್ಯುತ್ತಿಗೆ ಮಿತಿ ಹಾಕುವ ಸಾಧನ) ಇರುವ ಲೂಪ್‌ಗೆ ಇದನ್ನೇ ಮಾಡಬೇಡಿ. ಅಲ್ಲಿ ರೆಸಿಸ್ಟೆನ್ಸ್ ಮೊದಲೇ ಸಾಕಷ್ಟಿದೆ. ಇನ್ನೊಂದು 250 ಸೇರಿಸಿದರೆ ಕೆಳಗಿನ ರೀಡಿಂಗ್ ಸರಿ ಇದ್ದು, ಮೇಲಕ್ಕೆ ಹೋದಾಗ ಟ್ರಾನ್ಸ್‌ಮಿಟರ್‌ಗೆ ವೋಲ್ಟೇಜ್ ಸಾಲದೆ ಕೈಕೊಡುತ್ತದೆ.

ಪೋಲಿಂಗ್ ಅಡ್ರೆಸ್ (ಹಾರ್ಟ್ ಡಿವೈಸ್‌ನ ಗುರುತಿನ ಸಂಖ್ಯೆ) 0 ಬಿಟ್ಟು ಬೇರೆ ಇದ್ದರೂ ಡಿವೈಸ್ ಸಿಗದಿರಬಹುದು. ಆದರೆ ಹಾರ್ಟ್‌ನ 5ನೇ ಆವೃತ್ತಿಯಲ್ಲಿ ಹಾಗಿದ್ದರೆ ಕರೆಂಟ್ 4ಕ್ಕೆ ಅಂಟಿಕೊಂಡಿರುತ್ತದೆ. ನಿಮ್ಮದು ಕದಲುತ್ತಿದೆ.

ಬಾಯ್ಲರ್‌ಸೈಡ್:
ರೆಸಿಸ್ಟರ್ ಹಾಕಿದ ತಕ್ಷಣ ಟ್ಯಾಗ್ ಸಮೇತ ಬಂತು, ಧನ್ಯವಾದ. ಟ್ರಿಮ್‌ಗೆ ಈಕ್ವಲೈಸಿಂಗ್ ವಾಲ್ವ್ (ಎರಡೂ ಬದಿಯ ಒತ್ತಡ ಸಮ ಮಾಡುವುದು) ತೆರೆದು ಟ್ರಾನ್ಸ್‌ಮಿಟರ್ ಮೇಲಿನ ಝೀರೋ ಬಟನ್ ಒತ್ತಿದರೆ ಸಾಕಲ್ಲವೇ?

ಲೂಪ್‌ಚೆಕ್:
ಬೇಡ, ಬಟನ್ ಒತ್ತಬೇಡಿ! ವೆಟ್ ಲೆಗ್ (ಸದಾ ನೀರು ತುಂಬಿರುವ ರೆಫರೆನ್ಸ್ ಪೈಪ್) ಎಲ್‌ಪಿ (ಲೋ ಪ್ರೆಶರ್) ಕಡೆ ಇದ್ದರೆ ಡಿಪಿ ನೆಗೆಟಿವ್‌ನಲ್ಲೇ ಓಡುತ್ತದೆ. 0 ಡಿಪಿ ಅಂದರೆ 4 ಮಿಲಿಆಂಪ್ ಅಲ್ಲ, ರೇಂಜಿನ ಮೇಲ್ತುದಿ. ಹಲವು ಮಾದರಿಗಳಲ್ಲಿ ಆ ಬಟನ್ ಆಗಿನ ಪ್ರೆಶರನ್ನೇ 4 ಮಿಲಿಆಂಪ್ ಮಾಡಿಬಿಡುತ್ತದೆ, ಇಡೀ ರೇಂಜ್ ಹಾಳು. ಹ್ಯಾಂಡ್‌ಹೆಲ್ಡ್‌ನಿಂದ ಸೆನ್ಸರ್ ಝೀರೋ ಟ್ರಿಮ್ ಮಾತ್ರ ಮಾಡಿ.

ಎರಡೂ ಐಸೊಲೇಷನ್ ವಾಲ್ವ್ ಮುಚ್ಚಿದ ಮೇಲೆಯೇ ಈಕ್ವಲೈಸಿಂಗ್ ತೆರೆಯಿರಿ. ಅವು ತೆರೆದಿರುವಾಗ ತೆರೆದರೆ ವೆಟ್ ಲೆಗ್‌ನ ನೀರು ಡ್ರಮ್‌ಗೆ ಇಳಿದುಹೋಗುತ್ತದೆ. ಮತ್ತೆ ಕಂಡೆನ್ಸ್ ಆಗಿ ತುಂಬುವವರೆಗೂ ಲೆವೆಲ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಒಳಗೆ ನೀರು ಕಡಿಮೆಯಿದ್ದರೂ ಗೊತ್ತಾಗುವುದಿಲ್ಲ. ಈಕ್ವಲೈಸ್ ಆಗಿರುವಷ್ಟು ಹೊತ್ತು ಡಿಸಿಎಸ್ ಲೆವೆಲ್ ಹೈ ತೋರಿಸುವುದರಿಂದ ಹೈ-ಹೈ ಬೈಪಾಸ್ ಕೂಡ ತೆಗೆದುಕೊಳ್ಳಿ.