ಮುಖ ಮುಚ್ಚುವುದರ ನಿಷೇಧ: ನ್ಯಾಯಾಲಯದಲ್ಲಿ ಉಳಿದ ಕಾರಣ ಯಾವುದು?

ಪ್ರಶ್ನೆ – ಜಿಜ್ಞಾಸು

ನಿಖಾಬ್ ಮತ್ತು ಬುರ್ಖಾ ಧರಿಸಿ ಸಾರ್ವಜನಿಕ ಸ್ಥಳಗಳಿಗೆ ಬರುವುದನ್ನು ಫ್ರಾನ್ಸ್ 2011ರ ಏಪ್ರಿಲ್‌ನಿಂದ ನಿಷೇಧಿಸಿದೆ. ಅದೇ ವರ್ಷ ಬೆಲ್ಜಿಯಂ, 2017ರಲ್ಲಿ ಆಸ್ಟ್ರಿಯಾ, 2018ರಲ್ಲಿ ಡೆನ್ಮಾರ್ಕ್ ಇದೇ ಹಾದಿ ಹಿಡಿದವು. ಸ್ವಿಟ್ಜರ್ಲೆಂಡ್‌ನಲ್ಲಿ 2021ರ ಜನಮತಗಣನೆಯಲ್ಲಿ ಶೇ. 51.2ರಷ್ಟು ಮತದಾರರು ಒಪ್ಪಿದ ಬಳಿಕ, 2025ರ ಜನವರಿಯಿಂದ ಕಾನೂನು ಜಾರಿಯಲ್ಲಿದೆ. ಇವುಗಳ ಸಮರ್ಥನೆಗೆ ಭದ್ರತೆ, ಸ್ತ್ರೀಸಮಾನತೆ, ಧರ್ಮನಿರಪೇಕ್ಷತೆ ಎಂಬ ಮೂರು ಕಾರಣಗಳನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ವಿಚಾರಣೆಗೆ ಬಂದಾಗ ಇವುಗಳಲ್ಲಿ ಯಾವುದು ಉಳಿಯಿತು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಮುಖ ಕಾಣುವಂತೆ ಧರಿಸುವ ಹಿಜಾಬ್‌ನ ಚರ್ಚೆಯೇ ಬೇರೆ. ದಯವಿಟ್ಟು ಅದನ್ನು ಇಲ್ಲಿ ಬೆರೆಸಬೇಡಿ.

ಉತ್ತರ – ನ್ಯಾಯಾಸಕ್ತ

ನೀವು ಹೆಸರಿಸಿದ ಮೂರರಲ್ಲಿ ಒಂದೂ ಉಳಿಯಲಿಲ್ಲ.

ಧರ್ಮನಿರಪೇಕ್ಷತೆಯ ವಾದವು ನ್ಯಾಯಾಲಯದವರೆಗೂ ಹೋಗಲಿಲ್ಲ. ಆ ತತ್ವವು ಕಟ್ಟಿಹಾಕುವುದು ಸರ್ಕಾರವನ್ನೂ ಅದರ ಸಂಸ್ಥೆಗಳನ್ನೂ ಹೊರತು ಬೀದಿಯಲ್ಲಿ ನಡೆಯುವ ನಾಗರಿಕರನ್ನಲ್ಲ. ಫ್ರಾನ್ಸ್ ಸರ್ಕಾರಕ್ಕೆ ಕಾನೂನು ಸಲಹೆ ನೀಡುವ ರಾಜ್ಯಮಂಡಳಿಯು 2010ರಲ್ಲೇ ಇದನ್ನು ಹೇಳಿ, ಸಂಪೂರ್ಣ ನಿಷೇಧಕ್ಕೆ ಗಟ್ಟಿಯಾದ ಕಾನೂನು ಆಧಾರವಿಲ್ಲವೆಂದು ಎಚ್ಚರಿಸಿತ್ತು. ಆ ಕಾನೂನಿನ ಪಠ್ಯದಲ್ಲಿ ಧರ್ಮದ ಹೆಸರೇ ಇಲ್ಲದಿರುವುದು ಆಕಸ್ಮಿಕವಲ್ಲ.

ಉಳಿದೆರಡು ಕಾರಣಗಳನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2014ರ ಜುಲೈ 1ರ ತೀರ್ಪಿನಲ್ಲಿ ಪರಿಶೀಲಿಸಿತು. ಅರ್ಜಿದಾರರಾದ ಫ್ರೆಂಚ್ ಮಹಿಳೆಯು, ತಮ್ಮನ್ನು ಯಾರೂ ಒತ್ತಾಯಿಸಿಲ್ಲವೆಂದೂ, ಬ್ಯಾಂಕ್ ಅಥವಾ ವಿಮಾನ ನಿಲ್ದಾಣದಲ್ಲಿ ಗುರುತು ಪರೀಕ್ಷೆಗಾಗಿ ಕೇಳಿದರೆ ಮುಖ ತೋರಿಸಲು ಸಿದ್ಧರಿರುವುದಾಗಿಯೂ ತಿಳಿಸಿದ್ದರು. ಹೀಗಿರುವಾಗ ಭದ್ರತೆಯ ಹೆಸರಿನಲ್ಲಿ ಎಲ್ಲೆಡೆಯೂ, ಎಲ್ಲ ಹೊತ್ತಿನಲ್ಲೂ ಅನ್ವಯಿಸುವ ನಿಷೇಧ ಅಗತ್ಯಕ್ಕಿಂತ ಹೆಚ್ಚಾಯಿತೆಂದು ನ್ಯಾಯಾಲಯ ಹೇಳಿತು. ಮಹಿಳೆಯರೇ ಸಮರ್ಥಿಸಿಕೊಳ್ಳುವ ಆಚರಣೆಯನ್ನು ಅವರ ಸಮಾನತೆಯ ಹೆಸರಿನಲ್ಲಿ ನಿಷೇಧಿಸಲಾಗದೆಂದೂ ಹೇಳಿತು. ಆದರೂ ಕಾನೂನನ್ನು ಎತ್ತಿಹಿಡಿಯಿತು. ಅದಕ್ಕೆ ಆಧಾರವಾದದ್ದು ‘ಒಟ್ಟಾಗಿ ಬಾಳುವಿಕೆ’ ಎಂಬ ತತ್ವ: ಪರಸ್ಪರ ಮುಖ ಕಾಣುವುದು ಸಾಮಾಜಿಕ ಬದುಕಿನ ಕನಿಷ್ಠ ಷರತ್ತೆಂದು ಒಂದು ಸಮಾಜ ತೀರ್ಮಾನಿಸಬಹುದು ಎಂಬ ವಾದ. ಹದಿನೇಳು ನ್ಯಾಯಮೂರ್ತಿಗಳಲ್ಲಿ ಇಬ್ಬರು ಈ ತತ್ವ ತೀರಾ ಅಸ್ಪಷ್ಟವೆಂದು ಭಿನ್ನಮತ ಬರೆದರು. ನನ್ನ ಒಲವು ಆ ಇಬ್ಬರ ಕಡೆಗೇ ಇದೆ. ಏಕೆಂದರೆ ಬಹುಸಂಖ್ಯಾತರಿಗೆ ಇರಿಸುಮುರಿಸಾಗುವ ಯಾವುದನ್ನೂ ಈ ಮಾತಿನ ಅಡಿಯಲ್ಲಿ ತರಬಹುದು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಇದೇ ಕಾನೂನಿನಡಿ ದಂಡನೆಗೊಳಗಾದ ಇಬ್ಬರು ಮಹಿಳೆಯರ ದೂರನ್ನು ಪರಿಶೀಲಿಸಿ, ಅವರ ಧಾರ್ಮಿಕ ಸ್ವಾತಂತ್ರ್ಯ ಉಲ್ಲಂಘನೆಯಾಗಿದೆ ಎಂಬ ವಿರುದ್ಧ ತೀರ್ಮಾನಕ್ಕೆ ಬಂದಿತು.

ಉತ್ತರ – ಮಧ್ಯಮಾರ್ಗಿ

ಮೇಲಿನವರ ಮಾಹಿತಿಯನ್ನು ಒಪ್ಪುತ್ತೇನೆ, ಒಲವನ್ನಲ್ಲ. ಬೆತ್ತಲೆಯಾಗಿ ಬೀದಿಯಲ್ಲಿ ಓಡಾಡುವುದನ್ನು ಬಹುತೇಕ ದೇಶಗಳು ತಡೆಯುತ್ತವೆ. ಅದರಿಂದ ಯಾರ ಮೈಗೂ ಗಾಯವಾಗುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಹೇಗಿರಬೇಕೆಂಬುದಕ್ಕೆ ಸಮಾಜವು ಕೆಲವು ಕನಿಷ್ಠ ನಿಯಮಗಳನ್ನು ಇಟ್ಟುಕೊಳ್ಳುವುದು ಹೊಸದೇನಲ್ಲ. 2020ರಲ್ಲಿ ಕೊರೊನಾ ಕಾಲದಲ್ಲಿ ಅದೇ ಫ್ರಾನ್ಸ್ ಮಾಸ್ಕ್ ಕಡ್ಡಾಯಗೊಳಿಸಿತಲ್ಲ ಎಂದು ಹಲವರು ಕುಹಕವಾಡಿದರು. ಆದರೆ 2010ರಲ್ಲಿ ಅಂಗೀಕಾರವಾದ ಆ ನಿಷೇಧ ಕಾನೂನಿನಲ್ಲೇ ಆರೋಗ್ಯದ ಕಾರಣಕ್ಕೆ ವಿನಾಯಿತಿಯಿತ್ತು. ಮೇಲಾಗಿ ಆ ಮಾಸ್ಕ್ ತಾತ್ಕಾಲಿಕವಾಗಿತ್ತು, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಅನ್ವಯಿಸುತ್ತಿತ್ತು. ಈಜಿಪ್ಟ್ 2023ರಲ್ಲಿ ಶಾಲೆಗಳಲ್ಲಿ ವಿದ್ಯಾರ್ಥಿನಿಯರ ನಿಖಾಬ್ ನಿಷೇಧಿಸಿತು, ಟ್ಯುನೀಷಿಯಾ 2019ರಲ್ಲಿ ಸರ್ಕಾರಿ ಕಚೇರಿಗಳಲ್ಲಿ ನಿಷೇಧಿಸಿತು. ಎಲ್ಲ ನಿಷೇಧವನ್ನೂ ಮುಸ್ಲಿಂ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ.

ಉತ್ತರ – ನಸುಗೆಂಪು

ಬೆತ್ತಲೆಯ ಹೋಲಿಕೆ ಇಲ್ಲಿ ಹೊಂದುವುದಿಲ್ಲ. ಬಟ್ಟೆ ಉಟ್ಟು ಹೊರಡು ಎಂದರೆ ಯಾರೂ ತಮ್ಮ ನಂಬಿಕೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಇನ್ನೊಂದು ವಿಷಯವನ್ನು ಇಬ್ಬರೂ ಮುಟ್ಟಲಿಲ್ಲ. ಫ್ರಾನ್ಸ್‌ನಲ್ಲಿ ಮುಖ ಮುಚ್ಚಿಕೊಂಡ ಮಹಿಳೆಗೆ 150 ಯೂರೋವರೆಗೆ ದಂಡ. ಮುಚ್ಚಿಕೊಳ್ಳುವಂತೆ ಬೆದರಿಸಿ ಬಲವಂತ ಮಾಡಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು 30,000 ಯೂರೋವರೆಗೆ ದಂಡ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬೀದಿಯಲ್ಲಿ ಪೊಲೀಸರ ಕಣ್ಣಿಗೆ ಬೀಳುವುದು ಪರದೆಯೇ ಹೊರತು ಮನೆಯೊಳಗಿನ ಬೆದರಿಕೆಯಲ್ಲ. ನಿಜವಾಗಿಯೂ ಬಲವಂತಕ್ಕೊಳಗಾದವಳಾದರೆ ಅವಳು ದಂಡವನ್ನೂ ಕಟ್ಟಬೇಕು, ಇಲ್ಲವೇ ಹೊರಗೆ ಹೋಗುವುದನ್ನೇ ನಿಲ್ಲಿಸಬೇಕು. ಅಫ್ಘಾನಿಸ್ತಾನದಲ್ಲಿ 2022ರ ಮೇ ತಿಂಗಳಲ್ಲಿ ತಾಲಿಬಾನ್ ಹೊರಡಿಸಿದ ಆಜ್ಞೆಯು ಮುಖ ಮುಚ್ಚುವುದನ್ನೇ ಕಡ್ಡಾಯಗೊಳಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಕ್ರೌರ್ಯದಲ್ಲಿ ಅವುಗಳ ನಡುವೆ ಅಜಗಜಾಂತರವಿದೆ. ಆದರೆ ಎರಡು ಕಡೆಯೂ ಆಕೆಯ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಪ್ರಶ್ನೆ – ಜಿಜ್ಞಾಸು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಸಂಪೂರ್ಣ ನಿಷೇಧವಿಲ್ಲದೆಯೂ ಮುಖ ನೋಡಲೇಬೇಕಾದ ಸಂದರ್ಭಗಳನ್ನು ನಿಭಾಯಿಸಿದ ದೇಶವಿದೆಯೇ?

ಉತ್ತರ – ನ್ಯಾಯಾಸಕ್ತ

ಸ್ಥಳಗಳನ್ನು ಹೆಸರಿಸಿ ನಿಷೇಧಿಸಿದ ಮಾದರಿ ನೆದರ್‌ಲ್ಯಾಂಡ್ಸ್‌ನದು: 2019ರಿಂದ ಶಾಲೆ, ಆಸ್ಪತ್ರೆ, ಸರ್ಕಾರಿ ಕಟ್ಟಡ ಮತ್ತು ಸಾರ್ವಜನಿಕ ಸಾರಿಗೆಗೆ ಮಾತ್ರ ನಿಷೇಧ ಅನ್ವಯಿಸುತ್ತದೆ, ಬೀದಿಗೆ ಅಲ್ಲ. ಬಸ್ಸು, ಆಸ್ಪತ್ರೆಗಳನ್ನು ಸೇರಿಸಿದ್ದು ನನಗೆ ಸರಿಯೆನಿಸುವುದಿಲ್ಲ. ಹೊರಗೆ ಓಡಾಡುವವರಿಗೆ ತೀರಾ ಬೇಕಾದವು ಅವೇ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಕೆನಡಾದ ಸುಪ್ರೀಂ ಕೋರ್ಟಿನ 2012ರ ತೀರ್ಪು. ಲೈಂಗಿಕ ದೌರ್ಜನ್ಯದ ಪ್ರಕರಣವೊಂದರಲ್ಲಿ ದೂರುದಾರ ಮಹಿಳೆಯು ನಿಖಾಬ್ ಧರಿಸಿಯೇ ಸಾಕ್ಷಿ ನುಡಿಯಲು ಅನುಮತಿ ಕೋರಿದ್ದರು. ಯಾವಾಗಲೂ ತೆಗೆಯಬೇಕೆಂದಾಗಲಿ, ಎಂದೂ ತೆಗೆಯಬೇಕಿಲ್ಲವೆಂದಾಗಲಿ ನ್ಯಾಯಾಲಯ ಹೇಳಲಿಲ್ಲ. ನಂಬಿಕೆ ಪ್ರಾಮಾಣಿಕವೇ, ಮುಖ ಕಾಣದಿದ್ದರೆ ವಿಚಾರಣೆಯ ನ್ಯಾಯಪರತೆಗೆ ನಿಜವಾದ ಧಕ್ಕೆಯಿದೆಯೇ, ಎರಡನ್ನೂ ಕಾಪಾಡುವ ಬೇರೆ ದಾರಿಯಿದೆಯೇ, ಇಲ್ಲದಿದ್ದರೆ ಯಾವುದರ ಹಾನಿ ಹೆಚ್ಚು ಎಂಬುದನ್ನು ನ್ಯಾಯಾಧೀಶರು ಪ್ರತಿ ಪ್ರಕರಣದಲ್ಲೂ ತೂಗಿ ನೋಡಬೇಕೆಂದಿತು. ಸಾಕ್ಷ್ಯ ವಿವಾದಾಸ್ಪದವಲ್ಲದಿದ್ದರೆ ಪರದೆ ತೆಗೆಸುವ ಅಗತ್ಯವೇ ಬೀಳದು. ಆರೋಪಿಯ ಬಿಡುಗಡೆ ಆಕೆಯ ಮಾತಿನ ವಿಶ್ವಾಸಾರ್ಹತೆಯ ಮೇಲೆಯೇ ನಿಂತಿದ್ದರೆ ತೆಗೆಯಬೇಕಾಗಿ ಬರಬಹುದು.