ಟಿಹುವಾನಾದಲ್ಲಿ ಸಸ್ಯಾಹಾರಿ ಹಿರಿಯರೊಂದಿಗೆ ಊಟ ಎಲ್ಲಿ? ಸಹಾಯ ಬೇಕು

ಅಮೆರಿಕದ ಸ್ಯಾನ್ ಡಿಯೇಗೋದಲ್ಲಿರುವ ನಾವು, ಧಾರವಾಡದಿಂದ ಬಂದಿರುವ ತಂದೆತಾಯಿಯರೊಂದಿಗೆ ಬರುವ ಶನಿವಾರ ಸ್ಯಾನ್ ಇಸಿದ್ರೋ ಗಡಿಯನ್ನು ನಡೆದೇ ದಾಟಿ, ಮೆಕ್ಸಿಕೋದ ಟಿಹುವಾನಾ ನೋಡಿಕೊಂಡು ಸಂಜೆಗೆ ಹಿಂದಿರುಗಬೇಕೆಂದಿದ್ದೇವೆ. ನನಗೂ ಪತ್ನಿಗೂ ಮೀನಿನ ಟ್ಯಾಕೋ, ಅಡೋಬಾದಾ (ಮಸಾಲೆಯಲ್ಲಿ ನೆನೆಸಿದ ಹಂದಿಮಾಂಸ) ಯಾವುದಾದರೂ ನಡೆಯುತ್ತದೆ. ಚಿಂತೆಯಿರುವುದು ಮೊಟ್ಟೆಯನ್ನೂ ಮುಟ್ಟದ ಹಿರಿಯರದು. ಅಲ್ಲಿ ಬೇಯಿಸಿ ಅರೆದ ಬೀನ್ಸ್‌ಗೆ ಹಲವೆಡೆ ಹಂದಿಯ ಕೊಬ್ಬನ್ನು ಬಳಸುತ್ತಾರೆ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು, ಮೈದಾದ ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿಯೂ ಕೊಬ್ಬಿರಬಹುದು. ಹೀಗಾಗಿ ಮೇಲ್ನೋಟಕ್ಕೆ ಸಸ್ಯಾಹಾರವೆನಿಸುವುದನ್ನೆಲ್ಲ ನಂಬುವಂತಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಅರೆದು ತಟ್ಟಿದ ಟೋರ್ಟಿಯಾ ಮಾತ್ರ ನಿಶ್ಚಿಂತ, ಅಪ್ಪನಿಗಂತೂ ಅದರ ಪಕ್ಕದಲ್ಲಿ ಖಾರವಿದ್ದರೆ ಸಾಕು.

ಕುಂಬಳದ ಹೂವು ಅಥವಾ ಪಾಪಾಸುಕಳ್ಳಿಯ ಎಲೆಯಾದ ನೊಪಾಲ್ ತುಂಬಿದ ಕೆಸಾಡಿಯಾವನ್ನು (ಚೀಸ್ ಹಾಕಿ ಮಡಚಿ ಕಾಯಿಸಿದ ಟೋರ್ಟಿಯಾ), ಮಾಂಸ ಮುಟ್ಟಿಸದ ಬೇರೆ ಕಾವಲಿಯಲ್ಲಿ ಮಾಡಿಕೊಡುವ ಅಂಗಡಿ ಮೆರ್ಕಾದೋ ಇದಾಲ್ಗೋ ಮಾರುಕಟ್ಟೆಯ ಆಸುಪಾಸಿನಲ್ಲಿ ಇದೆಯೇ? 1924ರಲ್ಲಿ ಸೀಸರ್ ಕಾರ್ಡಿನಿ ಸೀಸರ್ ಸಲಾಡ್ ಸೃಷ್ಟಿಸಿದರೆನ್ನುವ ಊರಿದು. ರೆವಲೂಸಿಯೋನ್ ರಸ್ತೆಯಲ್ಲಿ ಅವರ ಹೆಸರಿನ ರೆಸ್ಟೋರೆಂಟ್‌ನಲ್ಲಿ ಅದನ್ನು ಮೇಜಿನ ಬಳಿಯೇ ಕಲಸಿಕೊಡುವುದರಿಂದ, ಮೊಟ್ಟೆಯ ಹಳದಿಯನ್ನೂ ಆಂಚೋವಿ ಮೀನನ್ನೂ ಬಿಟ್ಟು ಮಾಡಿಸಿಕೊಳ್ಳಲು ಸಾಧ್ಯವೇ? ಹಿರಿಯರನ್ನು ಕರೆದುಕೊಂಡು ಇತ್ತೀಚೆಗೆ ಹೋಗಿಬಂದವರು, ಕುಳಿತು ಉಣ್ಣಲು ಅನುಕೂಲವಾದ ಜಾಗವನ್ನೂ ಅಡುಗೆಯವರಿಗೆ ಸ್ಪ್ಯಾನಿಷ್‌ನಲ್ಲಿ ಏನು ಹೇಳಬೇಕೆಂಬುದನ್ನೂ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.